ಮೂರು ಲಕ್ಷ ಹೆಜ್ಜೆ

ಯುಗಾದಿಗೆ ಇನ್ನೂ ಮೂರು ನಾಲ್ಕು ವಾರಗಳಿರುವಾಗಲೇ ನಮ್ಮ ವಿಜಯಪುರ ಜಿಲ್ಲೆಯ ರಸ್ತೆಗಳಿಗೆ ಬೇರೊಂದು ಕಳೆ ಬರುತ್ತದೆ. ಹೆಗಲ ಮೇಲೆ ಕಂಬಿ ಹೊತ್ತು, ಮಲ್ಲಯ್ಯನ ಹೆಸರು ಕೂಗುತ್ತ, ಗುಂಪು ಗುಂಪಾಗಿ ಜನರು ಶ್ರೀಶೈಲದ ಕಡೆ ಮುಖಮಾಡಿ ನಡೆಯತೊಡಗುತ್ತಾರೆ. ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಿಕಾರ್ಜುನ ನಮ್ಮ ಅಳಿಯ ಎಂಬುದು ಈ ಸೀಮೆಯವರ ನಂಬಿಕೆ. ಮಗಳಿಗೆ ಸೀರೆ, ಅರಿಸಿನ, ಕುಂಕುಮ ಒಯ್ಯುವವರಿಗೆ ನೂರಾರು ಕಿಲೋಮೀಟರುಗಳ ದಾರಿ ದೂರವೆನಿಸುವುದಿಲ್ಲ. ಕಾಲು ನೆಟ್ಟಗಿರುವವರು ಹರಕೆಗಾಗಿ ಮರಗಾಲು ಕಟ್ಟಿಕೊಂಡು ನಡೆಯುವುದೂ ಉಂಟು. ಹಾದಿಯ ಊರುಗಳವರು ಚಪ್ಪರ ಹಾಕಿ, ರೊಟ್ಟಿ ಬಡಿದು, ನೀರು ಕಾಯಿಸಿ, ಬಂದವರ ಬೊಕ್ಕೆಯೆದ್ದ ಪಾದಗಳಿಗೆ ಎಣ್ಣೆ ತಿಕ್ಕಿ ಕಳಿಸುತ್ತಾರೆ. ನಡೆಯುವುದೂ ಒಂದು ಸೇವೆ, ನಡೆಯುವವನ ಕಾಲು ಒತ್ತುವುದೂ ಒಂದು ಸೇವೆ.

ಹೀಗಿರುವ ನಾಡಿನಲ್ಲಿ ಒಬ್ಬ ಮನುಷ್ಯ ದಿನವೂ ನಡೆದರೆ ಯಾರಿಗೂ ಅಚ್ಚರಿಯಾಗಬಾರದು. ಆದರೆ 2024ರ ಸೆಪ್ಟೆಂಬರಿನಲ್ಲಿ ಸಿಂದಗಿಯ ರಸ್ತೆಯ ಮೇಲೆ, ಬೆಳಗಿನ ಐದೂವರೆಗೆ, ಪಂಚೆಯನ್ನು ಮೇಲಕ್ಕೆ ಕಟ್ಟಿಕೊಂಡು ಬಿರುಸಾಗಿ ನಡೆಯುತ್ತಿದ್ದ ಕನ್ನಡದ ಅಧ್ಯಾಪಕನನ್ನು ಕಂಡು ಚಹಾದಂಗಡಿಯವನಿಗೆ ಕುತೂಹಲ ತಡೆಯದಾಯಿತು.

“ಯಾಕ್ರೀ ಸರ, ಶುಗರ್ ಬಂದೈತೇನ್ರಿ?”

“ಇಲ್ಲಪ್ಪ.”

“ಮತ್ತ ಹರಕಿ ಹೊತ್ತೀರೇನು?”

ಆ ಪ್ರಶ್ನೆಗೆ ಇಲ್ಲವೆನ್ನಲು ನನ್ನಿಂದ ಆಗಲಿಲ್ಲ. ಹರಕೆಯೇ ಅದು. ಆದರೆ ದೇವರಿಗೆ ಹೊತ್ತದ್ದಲ್ಲ. ಮುದ್ದೇಬಿಹಾಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿರುವ ನನ್ನ ಅಕ್ಕನ ಮಗಳಿಗೆ ಹೊತ್ತದ್ದು. ಆಕೆಗೆ ಆಗ ಏಳು ವರ್ಷ. ತಾನಾಗಿ ಒಂದು ಹೆಜ್ಜೆಯನ್ನೂ ಅವಳು ಇಟ್ಟವಳಲ್ಲ.

ಹತ್ತು ಸಾವಿರದ ಲೆಕ್ಕ

ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕೆಂಬ ಮಾತು ಈಗ ಪೇಟೆಯವರ ಬಾಯಲ್ಲೆಲ್ಲ ಇದೆ. ಇದನ್ನು ಯಾವನೋ ಮಹಾವೈದ್ಯನು ಕಂಡುಹಿಡಿದನೆಂದೇ ನಾನೂ ತಿಳಿದಿದ್ದೆ. ವಿಚಾರಿಸಿದಾಗ ಗೊತ್ತಾದದ್ದು ಬೇರೆ. 1965ರಲ್ಲಿ, ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, ಜಪಾನಿನ ಒಂದು ಕಂಪನಿಯು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಯ ಮಾಪಕವನ್ನು ಮಾರಾಟಕ್ಕಿಟ್ಟಿತು. ಅದರ ಹೆಸರು ‘ಮಾನ್‌ಪೊ-ಕೇ’. ಹತ್ತು ಸಾವಿರ ಹೆಜ್ಜೆಯ ಮಾಪಕವೆಂದು ಅರ್ಥ. ಸರಕಿಗೆ ಇಟ್ಟ ಹೆಸರು ಲೋಕಕ್ಕೆಲ್ಲ ಆರೋಗ್ಯದ ಸೂತ್ರವಾಯಿತು!

ಈ ಸಂಖ್ಯೆಯನ್ನು ಪರೋಪಕಾರಕ್ಕೆ ತಿರುಗಿಸಿದವರು ಆಸ್ಟ್ರೇಲಿಯದವರು. ಸಿಡ್ನಿ ನಗರದ ಮ್ಯಾಕ್ಲೌಡ್ ದಂಪತಿಗಳ ಮಗಳಿಗೆ ಸೆರೆಬ್ರಲ್ ಪಾಲ್ಸಿ, ಎಂದರೆ ಮೆದುಳಿನ ಪಾರ್ಶ್ವವಾಯು ಇತ್ತು. ಅಂಥ ಮಕ್ಕಳಿಗೆ ನೆರವಿನ ದಾರಿ ಕಾಣದೆ, ಅವರು ಇತರ ತಂದೆತಾಯಿಯರನ್ನು ಕೂಡಿಸಿಕೊಂಡು 1945ರಲ್ಲಿ ತಾವೇ ಒಂದು ಸಂಸ್ಥೆಯನ್ನು ಕಟ್ಟಿದರು. ಸೆರೆಬ್ರಲ್ ಪಾಲ್ಸಿ ಅಲಯನ್ಸ್ ಎಂದು ಈಗ ಹೆಸರಾಗಿರುವ ಆ ಸಂಸ್ಥೆಯು ಸೆಪ್ಟೆಂಬರ್ ತಿಂಗಳಲ್ಲಿ ‘ಸ್ಟೆಪ್ಟೆಂಬರ್’ ಎಂಬ ನಡಿಗೆಯ ವ್ರತವನ್ನು ನಡೆಸುತ್ತದೆ. ಸ್ಟೆಪ್ ಎಂದರೆ ಹೆಜ್ಜೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯುವುದು, ನಡೆಯುವವನ ಮೇಲೆ ವಿಶ್ವಾಸವಿಟ್ಟವರು ಹಣ ಕೊಡುವುದು, ಹಣವೆಲ್ಲ ಆ ಮಕ್ಕಳಿಗೆ ಸಲ್ಲುವುದು.

ಈ ಸುದ್ದಿಯನ್ನು ತರಗತಿಗೆ ತಂದವಳು ನನ್ನ ವಿದ್ಯಾರ್ಥಿನಿಯೊಬ್ಬಳು. “ನಾವೂ ಮಾಡೋಣೇನ್ರಿ ಸರ?” ಎಂದಳು. ಅಕ್ಟೋಬರ್ 6 ವಿಶ್ವ ಸೆರೆಬ್ರಲ್ ಪಾಲ್ಸಿ ದಿನ. ಹಿಂದಕ್ಕೆ ಎಣಿಸಿ, ಸೆಪ್ಟೆಂಬರ್ 6ರ ಶುಕ್ರವಾರ ಮೊದಲ ಹೆಜ್ಜೆಯೆಂದು ಗೊತ್ತುಮಾಡಿದೆವು. ಸಾವಿರ ಹೆಜ್ಜೆಗೆ ಒಂದು ರೂಪಾಯಿ. ಮೂವತ್ತು ದಿನ, ಮೂರು ಲಕ್ಷ ಹೆಜ್ಜೆ, ಒಬ್ಬ ದಾನಿಗೆ ಮುನ್ನೂರು ರೂಪಾಯಿ. ಕೂಡಿದ ಹಣದಿಂದ ವ್ಯಾಯಾಮ ಚಿಕಿತ್ಸೆಯ ತಜ್ಞೆಯೊಬ್ಬರನ್ನು ಜಿಲ್ಲಾ ಕೇಂದ್ರದಿಂದ ಹಳ್ಳಿಗೆ ಕರೆತರಬೇಕೆಂಬುದು ನಮ್ಮ ಸಂಕಲ್ಪ. ಪ್ರತಿ ಭಾನುವಾರ ಒಂದೊಂದು ಊರಿನಲ್ಲಿ ನಡೆಯುವುದೆಂದೂ ಆಯಿತು. ಅಧ್ಯಾಪಕನಿಗೆ ಆಸ್ತಿಯಿಲ್ಲದಿದ್ದರೂ ಹಳೆಯ ವಿದ್ಯಾರ್ಥಿಗಳು ಎಲ್ಲ ಊರುಗಳಲ್ಲಿ ಇರುತ್ತಾರಲ್ಲವೆ?

ಶಾಪವಲ್ಲ, ಸೋಂಕಲ್ಲ

ನಡಿಗೆಯ ಕಥೆಗೆ ಮುನ್ನ ಈ ತೊಂದರೆ ಏನೆಂಬುದನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ಹಣ ಕೇಳಲು ಹೋದ ಮನೆಗಳಲ್ಲಿ ಹತ್ತರಲ್ಲಿ ಒಂಬತ್ತು ಕಡೆ ನನಗೆ ಎದುರಾದದ್ದು “ಅದು ಪೋಲಿಯೊ ಅಲ್ಲೇನ್ರಿ?” ಎಂಬ ಪ್ರಶ್ನೆ.

ಅಲ್ಲ. ಪೋಲಿಯೊ ಸೋಂಕಿನಿಂದ ಬರುವಂಥದು. ಲಸಿಕೆಯಿಂದಾಗಿ ನಮ್ಮ ದೇಶ ಅದರಿಂದ ಪಾರಾಗಿದೆ. ಇದು ಬೇರೆ. ಬೆಳೆಯುತ್ತಿರುವ ಎಳೆಯ ಮೆದುಳಿಗೆ, ಮಗು ಗರ್ಭದಲ್ಲಿರುವಾಗಲೋ, ಹುಟ್ಟುವಾಗಲೋ, ಹುಟ್ಟಿದ ಹೊಸತರಲ್ಲೋ ಪೆಟ್ಟು ಬಿದ್ದರೆ, ಕೈಕಾಲುಗಳನ್ನು ಆಳುವ ಅದರ ಅಧಿಕಾರ ಕುಂದುತ್ತದೆ. ಕಾಲಿನಲ್ಲಿ ದೋಷವಿಲ್ಲ, ಕಾಲಿಗೆ ಹೋಗಬೇಕಾದ ಆಜ್ಞೆಯಲ್ಲಿ ದೋಷ. ದಿನ ತುಂಬದೆ ಹುಟ್ಟುವುದು, ಹೆರಿಗೆಯ ಸಮಯದಲ್ಲಿ ಪ್ರಾಣವಾಯು ಸಾಲದೆ ಹೋಗುವುದು, ನವಜಾತ ಶಿಶುವಿನ ಕಾಮಾಲೆ ಮಿತಿಮೀರುವುದು, ಮೆದುಳಿಗೆ ಸೋಂಕು ತಗಲುವುದು, ಇವು ಮುಖ್ಯ ಕಾರಣಗಳು. ಕೆಲವರಲ್ಲಿ ಕಾರಣವೇ ತಿಳಿಯುವುದಿಲ್ಲ. ಸಾವಿರ ಶಿಶುಗಳಲ್ಲಿ ಎರಡು ಮೂರಕ್ಕೆ ಹೀಗಾಗುವುದುಂಟು. ಹೆಚ್ಚಿನವರಲ್ಲಿ ಸ್ನಾಯುಗಳು ಹುರಿಗಟ್ಟಿದ ಹಗ್ಗದಂತೆ ಬಿಗಿಯುತ್ತವೆ. ಕೆಲವರಲ್ಲಿ ಕೈಕಾಲು ತಮ್ಮಷ್ಟಕ್ಕೆ ತಾವೇ ಹೊರಳಾಡುತ್ತವೆ. ಇನ್ನು ಕೆಲವರಿಗೆ ಸಮತೋಲ ಸಿಕ್ಕುವುದಿಲ್ಲ. ಮೆದುಳಿಗಾದ ಪೆಟ್ಟು ಮುಂದೆ ಹೆಚ್ಚುವುದಿಲ್ಲ. ಆದರೆ ಬಿಗಿದ ಸ್ನಾಯುವನ್ನು ಹಾಗೆಯೇ ಬಿಟ್ಟರೆ ಮಗು ಬೆಳೆದಂತೆ ಕೀಲು ಸೊಟ್ಟಗಾಗುತ್ತದೆ.

ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್ 1861ರಲ್ಲಿ ಪ್ರಸೂತಿ ವೈದ್ಯರ ಸಭೆಯ ಮುಂದೆ ಕಷ್ಟದ ಹೆರಿಗೆಗೂ ಮಕ್ಕಳ ಈ ಬಿಗಿತಕ್ಕೂ ಇರುವ ಸಂಬಂಧವನ್ನು ವಿವರಿಸಿದ. ಬಹುಕಾಲ ಇದನ್ನು ‘ಲಿಟಲ್ಲನ ರೋಗ’ವೆಂದೇ ಕರೆಯುತ್ತಿದ್ದರು. ಮನಶ್ಶಾಸ್ತ್ರದಿಂದ ಮುಂದೆ ಪ್ರಖ್ಯಾತನಾದ ಫ್ರಾಯ್ಡನೂ ಮೊದಲು ಇದರ ಮೇಲೆ ಗ್ರಂಥ ಬರೆದವನೇ. ಕಷ್ಟದ ಹೆರಿಗೆಯೇ ಒಮ್ಮೊಮ್ಮೆ ಗರ್ಭದಲ್ಲಿ ಮೊದಲೇ ಆದ ದೋಷದ ಲಕ್ಷಣವಾಗಿರಬಹುದೆಂದು ಅವನು ವಾದಿಸಿದ.

ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಬುದ್ಧಿಯನ್ನು ಕುರಿತದ್ದು. ಮಾತು ತೊದಲಿದರೆ, ಬಾಯಿಂದ ಜೊಲ್ಲು ಸುರಿದರೆ, ಆ ಮಗುವಿಗೆ ಏನೂ ತಿಳಿಯದೆಂದು ನಾವು ತೀರ್ಮಾನಿಸಿಬಿಡುತ್ತೇವೆ. ಕೆಲವರಿಗೆ ಬುದ್ಧಿಯ ತೊಡಕೂ ಇರುತ್ತದೆ, ನಿಜ. ಆದರೆ ಅನೇಕರಿಗೆ ಎಲ್ಲವೂ ತಿಳಿಯುತ್ತದೆ, ಹೇಳಲು ನಾಲಿಗೆ ಒದಗುವುದಿಲ್ಲ ಅಷ್ಟೆ. ಮುಂಬಯಿಯ ಮಿಥು ಆಲೂರ್ ಅವರು 1972ರಲ್ಲಿ ಭಾರತದ ಸ್ಪಾಸ್ಟಿಕ್ಸ್ ಸೊಸೈಟಿಯನ್ನು ಸ್ಥಾಪಿಸಿದ್ದು ತಮ್ಮ ಮಗಳು ಮಾಲಿನಿಯ ಕಾರಣದಿಂದ. ಆ ಮಾಲಿನಿ ಚಿಬ್ ಮುಂದೆ ಲಂಡನ್ನಿನಲ್ಲಿ ಸ್ನಾತಕೋತ್ತರ ಪದವಿ ಪಡೆದು, ಒಂದೇ ಕಿರುಬೆರಳಿನಿಂದ ಅಕ್ಷರ ಅಕ್ಷರವಾಗಿ ಒತ್ತಿ ತಮ್ಮ ಆತ್ಮಕಥೆಯನ್ನು ಬರೆದರು.

ನನ್ನ ತಪ್ಪು

ಇದೆಲ್ಲವನ್ನೂ ನಾನು ತಿಳಿದದ್ದು ತಡವಾಗಿ. ಎಷ್ಟು ತಡವೆಂಬುದನ್ನು ಹೇಳದೆ ಈ ಲೇಖನ ಮುಗಿಸಿದರೆ ಅದು ಸುಳ್ಳಾದೀತು.

ಕೂಸಿಗೆ ಒಂಬತ್ತು ತಿಂಗಳಾಗಿದ್ದಾಗ ಅಕ್ಕ ತವರಿಗೆ ಬಂದಿದ್ದಳು. ಇಂಡಿಯ ಕಡೆಯ ನಮ್ಮ ಹಳ್ಳಿಯ ಮನೆಯ ಪಡಸಾಲೆಯಲ್ಲಿ ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು, “ತಮ್ಮಾ, ಇದು ಇನ್ನೂ ಕುಂಡ್ರವಲ್ದು. ಎತ್ತಿ ನಿಲ್ಲಿಸಿದ್ರ ಕಾಲು ಕತ್ತರಿ ಹಾಕ್ತೈತಿ. ಬಲಗೈ ಮುಷ್ಟಿ ಬಿಚ್ಚೂದಿಲ್ಲ. ನೀ ಕಲ್ತಾಂವ, ಏನಂತಿ?” ಎಂದು ಕೇಳಿದಳು.

ಕಲಿತವನು ಏನೆಂದ? “ಕೆಲವು ಕೂಸು ತಡಾ ಮಾಡ್ತಾವ ಅಕ್ಕಾ. ನಾನೂ ತಡವಾಗೇ ನಡದೀನಂತ ಅವ್ವ ಹೇಳ್ತಾಳ. ಸುಮ್ನ ಚಿಂತಿ ಮಾಡಬ್ಯಾಡ” ಎಂದ. ಹಾಗೆಂದು ಮತ್ತೆ ಪುಸ್ತಕಕ್ಕೆ ತಲೆ ಬಗ್ಗಿಸಿದ.

ಹಲಸಂಗಿಯ ಮಧುರಚೆನ್ನರೂ ಅವರ ಗೆಳೆಯರೂ ಬೀಸುವ ಕುಟ್ಟುವ ತಾಯಂದಿರ ಹಾಡುಗಳನ್ನು ಕೇಳಿ ಬರೆದುಕೊಂಡ ಸೀಮೆ ಇದು. 1931ರಲ್ಲಿ ಅಚ್ಚಾದ ‘ಗರತಿಯ ಹಾಡು’ ಕನ್ನಡಕ್ಕೆ ಕೊಟ್ಟದ್ದೇನೆಂಬುದನ್ನು ನಾನು ವರ್ಷವರ್ಷವೂ ತರಗತಿಯಲ್ಲಿ ಪಾಠ ಹೇಳುತ್ತೇನೆ. ಆದರೆ ನನ್ನ ಎದುರಿಗೇ ಕುಳಿತ ತಾಯಿ ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಆ ದಿನ ಅಕ್ಕ ಹೇಳಿದ್ದ ಮೂರು ಸಂಗತಿಗಳೂ ವೈದ್ಯರು ಬರೆದಿಟ್ಟ ಲಕ್ಷಣಗಳೇ ಆಗಿದ್ದವು. ನನ್ನ ಮಾತನ್ನು ನಂಬಿ ಅವಳು ಇನ್ನೆರಡು ವರ್ಷ ಕಾದಳು. ಎಳೆಯ ಮೆದುಳು ಹೊಸ ದಾರಿ ಕಂಡುಕೊಳ್ಳುವ ಶಕ್ತಿ ಮೊದಲ ಎರಡು ಮೂರು ವರ್ಷಗಳಲ್ಲಿ ಅತ್ಯಂತ ಹೆಚ್ಚು. ಆ ಎರಡು ವರ್ಷಗಳನ್ನು ನಾನು ಕಳೆದೆ. ನಾನು ನಡೆದದ್ದು ಆ ಸಾಲಕ್ಕೆ.

ಇಂಡಿಯ ನಿಂಬೆ

ಮೊದಲ ಭಾನುವಾರ ಇಂಡಿ. ಹಿಂದಿನ ದಿನವಷ್ಟೆ ಗಣೇಶ ಚೌತಿಯಾಗಿತ್ತು. ಓಣಿಓಣಿಯಲ್ಲಿ ಗಜಾನನ ಮಂಡಳಿಯವರ ಪಟ್ಟಿ ಎತ್ತುವ ಕೆಲಸ ಮುಗಿದಿತ್ತು. ಜನರ ಕಿಸೆಗಳೂ ಹಗುರಾಗಿದ್ದವು. ಇಂಥ ವೇಳೆಗೆ ನಾನು ಕೈಯಲ್ಲಿ ಪಾವತಿ ಪುಸ್ತಕ ಹಿಡಿದು ಹೋಗಿದ್ದೆ!

ಹಣ ಕೇಳುವುದು ಸುಲಭದ ವಿದ್ಯೆಯಲ್ಲ. ಮೊದಲ ಐದಾರು ಅಂಗಡಿಗಳ ಮುಂದೆ ನನ್ನ ನಾಲಿಗೆ ಏಳಲಿಲ್ಲ. ವೇದಿಕೆಯ ಮೇಲೆ ಒಂದು ತಾಸು ಮಾತಾಡಬಲ್ಲವನಿಗೆ ಮುನ್ನೂರು ರೂಪಾಯಿ ಕೇಳಲು ಬೆವರು ಬಂತು. “ನೀವು ನಡದ್ರ ಆ ಕೂಸಿಗೇನ್ ಕಾಲು ಬರ್ತಾವೇನ್ರಿ?” ಎಂದು ಒಬ್ಬ ಕಿರಾಣಿಯವರು ಕೇಳಿದರು. ಪ್ರಶ್ನೆ ಒರಟಾಗಿದ್ದರೂ ನ್ಯಾಯವಾದದ್ದು. ನಾನು ನಡೆದರೆ ನಾಲ್ಕು ಜನ ಏಕೆ ನಡೆಯುತ್ತೀಯೆಂದು ಕೇಳುತ್ತಾರೆ, ಹಾಗೆ ಕೇಳಿದವರಿಗೆ ಹೇಳುವ ಅವಕಾಶ ನನಗೆ ಸಿಗುತ್ತದೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಪುಸ್ತಕದಲ್ಲಿ ಹೆಸರು ಬರೆಸಿದರು.

ಊರ ಹೊರಗಿನ ನಿಂಬೆಯ ತೋಟದ ಹಿರಿಯರೊಬ್ಬರು ಹಣ ಕೊಡಲಿಲ್ಲ. “ರೊಕ್ಕ ಇಲ್ಲ ತಮ್ಮಾ, ಹಣ್ಣು ಅದಾವ” ಎಂದು ಒಂದು ಚೀಲ ನಿಂಬೆಹಣ್ಣು ತುಂಬಿಸಿಕೊಟ್ಟರು. 2023ರಲ್ಲಿ ಇಂಡಿಯ ನಿಂಬೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತ ಮೇಲೆ ಆ ಹಣ್ಣಿನ ವಿಷಯದಲ್ಲಿ ಊರಿಗೆ ಇನ್ನಷ್ಟು ಅಭಿಮಾನ. ಸಂಜೆ ಗಣಪತಿಯ ಮುಂದೆ ಹುಡುಗರು ಆ ಚೀಲವನ್ನು ಸವಾಲಿಗಿಟ್ಟರು. ನೂರರಿಂದ ಎದ್ದ ಕೂಗು ಐದು ಸಾವಿರದ ನೂರಕ್ಕೆ ಹೋಗಿ ನಿಂತಿತು. ಸವಾಲು ಹಿಡಿದವರು ಬೆಳಿಗ್ಗೆ ನನ್ನನ್ನು ಪ್ರಶ್ನಿಸಿದ ಅದೇ ಕಿರಾಣಿಯವರು.

ಸಿಂದಗಿಯ ಮಳೆ

ಎರಡನೆಯ ಭಾನುವಾರ ನನ್ನದೇ ಊರಾದ ಸಿಂದಗಿಯಲ್ಲಿ. ಹತ್ತು ದಿನಗಳಾಗುವಷ್ಟರಲ್ಲಿ ನಡಿಗೆಯ ಹೊಸತನ ಹೋಗಿ ನೋವು ಉಳಿದಿತ್ತು. ಹತ್ತು ಸಾವಿರ ಹೆಜ್ಜೆಯೆಂದರೆ ಸುಮಾರು ಏಳು ಕಿಲೋಮೀಟರು. ಒಂದು ದಿನಕ್ಕೆ ಅದೇನೂ ದೊಡ್ಡದಲ್ಲ. ಆದರೆ ನಿನ್ನೆಯ ಹತ್ತು ಸಾವಿರ ಇಂದಿನ ಲೆಕ್ಕಕ್ಕೆ ಬರುವುದಿಲ್ಲ. ಹಿಮ್ಮಡಿ ಸೆಳೆಯುತ್ತಿತ್ತು.

ಆ ಬೆಳಿಗ್ಗೆ ಮಳೆ ಹಿಡಿಯಿತು. ನಮ್ಮ ಎರೆಯ ಮಣ್ಣು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ರಸ್ತೆ ಬಿಟ್ಟು ಹೊಲದ ಹಾದಿ ಹಿಡಿದಿದ್ದ ನನಗೆ ಒಂದೊಂದು ಪಾದಕ್ಕೂ ಸೇರು ಸೇರು ಮಣ್ಣು ಅಂಟಿಕೊಂಡಿತು. ತೊಗರಿಯ ಹೊಲದ ಬದುವಿನ ಮೇಲೆ ನಿಂತು ಮೊಬೈಲ್ ನೋಡಿದರೆ 3,800. ಮನೆಗೆ ತಿರುಗಿದೆ, ದಿನವೆಲ್ಲ ಹಿಮ್ಮಡಿ ನೆಲಕ್ಕೆ ಊರಲಾಗಲಿಲ್ಲ.

ರಾತ್ರಿ ಒಂದು ಹೀನ ವಿಚಾರ ಮನಸ್ಸಿನಲ್ಲಿ ಸುಳಿಯಿತು. ಯಾರು ಎಣಿಸುತ್ತಾರೆ? ಮೊಬೈಲನ್ನು ಕೈಯಲ್ಲಿ ಹಿಡಿದು ಕುಳಿತಲ್ಲೇ ಅಲುಗಾಡಿಸಿದರೂ ಹೆಜ್ಜೆ ಏರುತ್ತದೆಂದು ಹುಡುಗರೇ ಹೇಳಿದ್ದರು. ನಾಚದೆ ಹೇಳುತ್ತೇನೆ, ನೂರರಷ್ಟು ಅಲುಗಾಡಿಸಿಯೂ ನೋಡಿದೆ. ಆಗ ಅಕ್ಕನ ಮನೆ ನೆನಪಾಯಿತು. ಅವಳು ದಿನವೂ ಬೆಳಿಗ್ಗೆ ಮತ್ತು ಸಂಜೆ ಮಗಳ ಕಾಲನ್ನು ಮೆಲ್ಲಗೆ ಎಳೆದು, ಬಗ್ಗಿಸಿ, ಬಿಡಿಸಿ ವ್ಯಾಯಾಮ ಮಾಡಿಸುತ್ತಾಳೆ. ನಾಲ್ಕೂವರೆ ವರ್ಷಗಳಿಂದ ಹಾಗೆ. ಜ್ವರ ಬಂದ ದಿನವೂ ಸುಗ್ಗಿಯ ದಿನವೂ ಅವಳಿಗೆ ಬಿಡುವಿಲ್ಲ. ಅವಳನ್ನೂ ಯಾರೂ ಎಣಿಸುತ್ತಿಲ್ಲ. ನನ್ನದು ಮೂವತ್ತು ದಿನಗಳ ಸವಾಲು, ಅವಳದು ಕೊನೆಯಿಲ್ಲದ್ದು.

ಮರುದಿನ ಕಾಲೇಜಿನ ಫಲಕದ ಮೇಲೆ, ದಿನದಿನದ ಲೆಕ್ಕದ ಕೆಳಗೆ, 3,800 ಎಂದೇ ಬರೆದೆ. ಕೊರತೆ 6,200.

ಬಾಗೇವಾಡಿಯ ಜೋಳಿಗೆ

ಮೂರನೆಯ ಭಾನುವಾರ ಬಸವನ ಬಾಗೇವಾಡಿ. ಬಸವಣ್ಣನವರು ಹುಟ್ಟಿದ ಊರಿನಲ್ಲಿ ಕೈಚಾಚುವಾಗ ಮೊದಲಿನ ನಾಚಿಕೆ ನನಗಿರಲಿಲ್ಲ. ಕಾಯಕ, ದಾಸೋಹ ಎಂಬ ಎರಡು ಮಾತುಗಳು ಇಲ್ಲಿನವರಿಗೆ ಪುಸ್ತಕದಿಂದ ಬಂದವಲ್ಲ. ದುಡಿದದ್ದರಲ್ಲಿ ಒಂದು ಪಾಲು ತನ್ನದಲ್ಲವೆಂಬುದು ಸಂತೆಗೆ ಬಂದ ರೈತನಿಗೂ ಗೊತ್ತು.

ನಮ್ಮ ಕಡೆ ಒಳ್ಳೆಯ ಕೆಲಸಗಳೆಲ್ಲ ಕಾಲ್ನಡಿಗೆಯಿಂದಲೂ ಜೋಳಿಗೆಯಿಂದಲೂ ಬೆಳೆದವು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ವಚನಗಳ ಓಲೆಗರಿಗಳಿಗಾಗಿ ಊರೂರು ಅಲೆದು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು; ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, ತಾವೇ ಅಂಧರಾಗಿದ್ದು, ಅಂಧ ಮಕ್ಕಳನ್ನು ಕೂಡಿಸಿಕೊಂಡು ಊರೂರು ಸಂಚರಿಸಿ ಸಂಗೀತ ಕಲಿಸಿದರು. ಅವರ ಹೊಟ್ಟೆ ತುಂಬಿಸಲು ನಾಟಕ ಕಂಪನಿ ಕಟ್ಟಿದರು. ಅವರ ತರುವಾಯ ಪುಟ್ಟರಾಜ ಗವಾಯಿಗಳು 2010ರಲ್ಲಿ ಕಣ್ಮುಚ್ಚುವವರೆಗೂ ಆ ಹೊಣೆಯನ್ನು ಹೊತ್ತರು. ಕಣ್ಣಿಲ್ಲದ ಮಗುವಿಗೆ ಗದಗಿನಲ್ಲಿ ಒಂದು ಬಾಗಿಲಿದೆಯೆಂದು ನಮ್ಮ ಹಳ್ಳಿಯ ಪ್ರತಿಯೊಬ್ಬ ತಾಯಿಗೂ ಗೊತ್ತಾಯಿತು.

ಆದರೆ ಮೆದುಳಿನ ಪಾರ್ಶ್ವವಾಯುವಿನ ಕೂಸನ್ನು ಹಾಗೆ ದೂರದ ಊರಿನಲ್ಲಿ ಬಿಟ್ಟು ಬರಲಾಗದು. ಉಣ್ಣಿಸಲು, ಎತ್ತಲು, ಮಗ್ಗುಲು ಬದಲಿಸಲು ತಾಯಿಯ ಕೈ ಬೇಕು. ಬೆಂಗಳೂರಿನ ಇಂದಿರಾನಗರದಲ್ಲಿ ಕರ್ನಾಟಕ ಸ್ಪಾಸ್ಟಿಕ್ಸ್ ಸೊಸೈಟಿಯಿದೆ. ಆದರೆ ಬಾಗೇವಾಡಿಯ ಕೂಲಿಕಾರ ತಾಯಿ ವಾರಕ್ಕೆ ಎರಡು ಸಲ ಬೆಂಗಳೂರಿಗೆ ಹೋಗಬಲ್ಲಳೆ? ಈ ಮಕ್ಕಳಿಗೆ ಬೇಕಾದದ್ದು ದೂರದ ಆಶ್ರಮವಲ್ಲ, ಮನೆಯ ಬಾಗಿಲಿಗೆ ಬರುವ ನೆರವು.

ಅಂದು ಬಸ್ ನಿಲ್ದಾಣದ ಬಳಿ ಒಬ್ಬ ತಾಯಿ ನಮ್ಮ ಗುಂಪಿನ ಮುಂದೆ ಬಂದು ನಿಂತಳು. ಬಗಲಲ್ಲಿ ಹತ್ತು ಹನ್ನೊಂದು ವರ್ಷದ ಹುಡುಗ. ಅವನ ಉದ್ದನೆಯ ಕಾಲುಗಳು ಅವಳ ಮೊಣಕಾಲಿಗೆ ಬಡಿಯುತ್ತಿದ್ದವು. “ನೀವು ನಡ್ಯಾಕ ಹತ್ತೀರಿ. ನಾ ಇಂವನ್ನ ಹೊತ್ಕೊಂಡು ದಿನಾ ನಡೀತೀನ್ರಿ” ಎಂದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಆಮೇಲೆ ಸೆರಗಿನ ಗಂಟು ಬಿಚ್ಚಿ ಇಪ್ಪತ್ತು ರೂಪಾಯಿ ತೆಗೆದಳು. ಬೇಡವೆಂದರೂ ಕೇಳಲಿಲ್ಲ. ಅವಳ ಮಗನಿಗೆ ಅಂಗವಿಕಲತೆಯ ಗುರುತಿನ ಚೀಟಿಯಾಗಲಿ ಮಾಸಾಶನವಾಗಲಿ ಇರಲಿಲ್ಲ. ಅವೆಲ್ಲ ಉಂಟೆಂದು ಅವಳಿಗೆ ಯಾರೂ ಹೇಳಿರಲೇ ಇಲ್ಲ.

ಮುದ್ದೇಬಿಹಾಳದ ಅಂಗಳ

ನಾಲ್ಕನೆಯ ಭಾನುವಾರ ಮುದ್ದೇಬಿಹಾಳದಲ್ಲಿ ನಡಿಗೆ ಮುಗಿಸಿ, ಬಸ್ಸು ಹಿಡಿದು ಅಕ್ಕನ ಊರಿಗೆ ಹೋದೆ. ಊಟವಾದ ಮೇಲೆ, ಕೂಸು ಮಲಗಿದಾಗ, ಏಳು ವರ್ಷಗಳಿಂದ ಗಂಟಲಲ್ಲಿದ್ದುದನ್ನು ಹೊರಗೆ ಹಾಕಿದೆ. “ಅಕ್ಕಾ, ಅವತ್ತು ನಾ ನಿನಗ ತಪ್ಪು ಹೇಳಿದೆ.”

ಅವಳು ಅಳಲಿಲ್ಲ, ಪರವಾಗಿಲ್ಲವೆಂದೂ ಹೇಳಲಿಲ್ಲ. ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟು, “ಗೊತ್ತೈತಿ” ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, “ನೀ ಒಬ್ಬನಽ ಅಲ್ಲ ತಮ್ಮಾ. ಅತ್ತಿ ಅಂದ್ರು, ಓಣ್ಯಾಗಿನವ್ರು ಅಂದ್ರು. ಆದ್ರ ನೀ ಕಲ್ತಾಂವ ಅಂತ ನಿನ್ನ ಮಾತು ನಂಬಿದೆ. ನೀ ನಡದದ್ದು ಛಲೋ ಆತು. ಅದಕ್ಕಿಂತ ಒಂದು ಕೆಲಸ ಮಾಡು. ಅವತ್ತು ನನಗ ಹೇಳಿದ್ದನ್ನ ಇನ್ಯಾವ ತಾಯಿಗೂ ಯಾರೂ ಹೇಳದಂಗ ಮಾಡು” ಎಂದಳು.

ಈ ಲೇಖನ ಅವಳ ಆಜ್ಞೆ. ಆದುದರಿಂದ ವಾಚಕರು ಈ ಕೆಳಗಿನದನ್ನು ಮನಸ್ಸಿನಲ್ಲಿಡಬೇಕೆಂದು ಬೇಡುತ್ತೇನೆ. ನಾಲ್ಕು ತಿಂಗಳಾದರೂ ಕೂಸಿನ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕುಳಿತುಕೊಳ್ಳದಿದ್ದರೆ, ಎತ್ತಿ ನಿಲ್ಲಿಸಿದಾಗ ಕಾಲುಗಳು ಬಿಗಿದು ಕತ್ತರಿಯಂತೆ ಒಂದರ ಮೇಲೊಂದು ಬಂದರೆ, ಮುಷ್ಟಿ ಸದಾ ಬಿಗಿದೇ ಇದ್ದರೆ, ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಮಾತ್ರ ಬಳಸುತ್ತಿದ್ದರೆ, ತಡ ಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಏನೂ ಇಲ್ಲವೆಂದಾದರೆ ಸಂತೋಷ. ಇದ್ದರೆ ಕಾಲ ಉಳಿಯಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗಳಿಗೂ ಶಾಲೆಗಳಿಗೂ ಹೋಗಿ ಮಕ್ಕಳನ್ನು ತಪಾಸಣೆ ಮಾಡುವ ಏರ್ಪಾಡಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಅಡಿಯಲ್ಲಿ ‘ನಿರಾಮಯ’ ಎಂಬ ವಿಮೆಯಿದೆ. ಅದರಿಂದ ಈ ಮಕ್ಕಳ ಚಿಕಿತ್ಸೆಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ನೆರವು ಸಿಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಹೆಸರಿಸಿದ 21 ಬಗೆಯ ಅಂಗವಿಕಲತೆಗಳಲ್ಲಿ ಇದೂ ಒಂದು. ಇವು ಭಿಕ್ಷೆಯಲ್ಲ, ಹಕ್ಕು. ಬಾಗೇವಾಡಿಯ ಆ ತಾಯಿಗೆ ಹೇಳುವವರಿರಲಿಲ್ಲ. ನಿಮ್ಮ ಓಣಿಯ ತಾಯಿಗೆ ನೀವು ಹೇಳಬಹುದಲ್ಲವೆ?

ಉಳಿದ ಹೆಜ್ಜೆಗಳು

ಅಕ್ಟೋಬರ್ 5ರ ಶನಿವಾರ ಮೂವತ್ತು ದಿನಗಳು ಮುಗಿದವು. ಫಲಕದ ಮೇಲಿನ ಒಟ್ಟು 2,93,800. ಹೆಸರು ಬರೆಸಿದವರು 143 ಜನ; ಹಣ ಕೊಟ್ಟವರು 118. ಅವರಿಂದ 35,400, ನಿಂಬೆಯ ಸವಾಲಿನಿಂದ 5,100, ಗಜಾನನ ಮಂಡಳಿಯವರಿಂದ 3,000, ಕಾಲೇಜಿನ ಸಹೋದ್ಯೋಗಿಗಳಿಂದಲೂ ಬಿಡಿಯಾಗಿ ಕೊಟ್ಟವರಿಂದಲೂ 7,500. ಎಲ್ಲ ಕೂಡಿ 51,000 ರೂಪಾಯಿ. ಸೆರಗಿನ ಗಂಟಿನ ಇಪ್ಪತ್ತು ರೂಪಾಯಿಯೂ ಅದರಲ್ಲಿದೆ.

ಕೊರತೆಯ 6,200 ಹೆಜ್ಜೆಗಳ ಹಣವನ್ನು ಕಡಿಮೆ ಕೊಡಿರೆಂದರೂ ಯಾರೂ ಕಡಿಮೆ ಕೊಟ್ಟಿರಲಿಲ್ಲ. ಆದುದರಿಂದ ಹೆಜ್ಜೆಯ ಸಾಲ ನನ್ನ ಮೇಲೆಯೇ ಉಳಿದಿತ್ತು. ಮರುದಿನ, ಭಾನುವಾರ, ಅಕ್ಕನ ಊರಿಗೆ ಹೋದೆ. ಅವಳ ಮನೆಯ ಅಂಗಳ ಈ ತುದಿಯಿಂದ ಆ ತುದಿಗೆ ಸರಿಯಾಗಿ ಹತ್ತು ಹೆಜ್ಜೆ. ಗೋಡೆಯ ಮೂಲೆಗೆ ದಿಂಬು ಆನಿಸಿ ಸೊಸೆಯನ್ನು ಕೂರಿಸಿದರು. ಪ್ರತಿ ಸುತ್ತಿಗೆ ಒಂದು ಎಣಿಕೆ ಅವಳದು. ನೂರಕ್ಕೊಂದು ತೊಗರಿಕಾಳು ಇಡುವುದು ಅವಳ ಅಜ್ಜಿಯ ಕೆಲಸ. ಆಗಬೇಕಾದದ್ದು 620 ಸುತ್ತು.

ಅವಳಿಗೆ ಒಂದು ಅಂಕಿ ನುಡಿಯಲು ಹೊತ್ತು ಹಿಡಿಯುತ್ತದೆ. ಕತ್ತು ಒಂದು ಕಡೆ ಸೆಳೆಯುತ್ತದೆ, ತುಟಿ ಕೂಡಬೇಕು, ಉಸಿರು ಒದಗಬೇಕು. ನಾನು ಅಂಗಳದ ತುದಿಯಲ್ಲಿ ತಿರುಗಿ ನಿಂತು ಅವಳ ಎಣಿಕೆ ಮುಗಿಯುವವರೆಗೆ ಕಾಯಬೇಕಾಗುತ್ತಿತ್ತು. ತಿಂಗಳೆಲ್ಲ ಗಡಿಯಾರ ನೋಡಿ ಬಿರುಸಾಗಿ ನಡೆದವನು ಆ ದಿನ ಮೊದಲ ಬಾರಿಗೆ ಅವಳ ವೇಗದಲ್ಲಿ ನಡೆದೆ. ಬೆಳಿಗ್ಗೆ ಆರಂಭಿಸಿದ್ದು ಮುಗಿದಾಗ ಮಧ್ಯಾಹ್ನ ಇಳಿದಿತ್ತು. ಅಷ್ಟರಲ್ಲಿ ಅವಳು ಎರಡು ಸಲ ಉಂಡು, ಒಂದು ಸಲ ನಿದ್ದೆ ಮಾಡಿದ್ದಳು. ಆದರೆ ಒಂದು ಅಂಕಿಯನ್ನೂ ತಪ್ಪಿಸಲಿಲ್ಲ. ನಾನೇ 340ರ ಹತ್ತಿರ ಒಂದು ಸುತ್ತು ಹೆಚ್ಚಿಗೆ ಎಣಿಸಿದ್ದನ್ನು ಹಿಡಿದು, “ಸುಳ್ಳ... ಮಾಮಾ” ಎಂದು ನಕ್ಕಳು.

ಆ ಹಣದಲ್ಲಿ ತಜ್ಞೆ ಈಗ ತಿಂಗಳಿಗೆ ಎರಡು ಸಲ ಹಳ್ಳಿಗೆ ಬರುತ್ತಾರೆ. ಸುತ್ತಲಿನ ಆರು ಮನೆಗಳ ಮಕ್ಕಳು ಶಾಲೆಯ ಕೋಣೆಯಲ್ಲಿ ಕೂಡುತ್ತಾರೆ. ಆಕೆ ತೋರಿಸಿದ ಅಳತೆಯಂತೆ ಊರ ಬಡಿಗರು ಬೇವಿನ ಕಟ್ಟಿಗೆಯಿಂದ ಮೂಲೆಯ ಕುರ್ಚಿಗಳನ್ನೂ, ಎದೆಯವರೆಗೆ ಆಸರೆ ಕೊಟ್ಟು ಮಗುವನ್ನು ನಿಲ್ಲಿಸುವ ಚೌಕಟ್ಟುಗಳನ್ನೂ ಮಾಡಿದರು. ಕೂಲಿ ತೆಗೆದುಕೊಂಡರು, ಕಟ್ಟಿಗೆಯ ಹಣ ತೆಗೆದುಕೊಳ್ಳಲಿಲ್ಲ. ಹಣ ಮುಗಿಯುತ್ತ ಬಂದಿದೆ, ಮತ್ತೆ ನಡೆಯಬೇಕು. ಈ ಸಲ ನನ್ನ ವಿದ್ಯಾರ್ಥಿಗಳೂ ಜೊತೆಗಿದ್ದಾರೆ.

ನಾನೀಗ ಹದಿನೈದು ದಿನಕ್ಕೊಮ್ಮೆ ಅಲ್ಲಿಗೆ ಹೋಗುತ್ತೇನೆ. ಕಾಲು ಎಳೆಯುವ, ಬಿಡಿಸುವ ಕ್ರಮವನ್ನು ಅಕ್ಕ ನನಗೂ ಕಲಿಸಿದ್ದಾಳೆ. ಸೊಸೆ ನಡೆಯುತ್ತಾಳೆಯೇ ಎಂದು ಕೇಳುವವರಿಗೆ ನಾನು ಇಲ್ಲವೆಂದೇ ಹೇಳುತ್ತೇನೆ. ಚೌಕಟ್ಟಿನಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತಾಳೆ. ನಿಂತಷ್ಟು ಹೊತ್ತೂ ಮಾಮ ಅಂಗಳದಲ್ಲಿ ನಡೆಯಬೇಕು. ಅದು ಅವಳು ಹಾಕಿದ ಕರಾರು. ಕಾಲು ಸೋತು ನಾನು ನಿಂತರೆ, ಮೇಷ್ಟರಿಗೆ ಮೇಷ್ಟರಾಗಿ, ಒಂದೊಂದೇ ಅಕ್ಷರ ಕೂಡಿಸಿ ಹೇಳುತ್ತಾಳೆ: “ಇನ್ನೂ... ಹತ್ತು... ಮಾಮಾ.”